ಒಂದೇ ಪೈಪಿನಲ್ಲಿ ಆರು ಲೈನು

ಗೋಡೆಯ ಬೋರ್ಡಿನ ಕಡೆಯಿಂದ ಮತ್ತೊಮ್ಮೆ 'ಚಿರ್' ಎಂದಾಗ ಚೈತನ್ಯ ಹೊದ್ದಿದ್ದ ಶಾಲನ್ನು ಅಲ್ಲೇ ಬಿಟ್ಟು ಎದ್ದಳು. ರಾತ್ರಿ ಎರಡೂವರೆ. ಗೋಡೆಗೊರಗಿ ತೂಕಡಿಸುತ್ತಿದ್ದ ಹೆಂಗಸರ ಕಾಲು ತುಳಿಯದ ಹಾಗೆ, ಅಪ್ಪನನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯನ್ನು ಬಳಸಿಕೊಂಡು ಹೋಗಿ, ಪ್ಲಗ್ಗಿನ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು.

ಪೆಟ್ಟಿಗೆ ತಂದಿಟ್ಟವರು ಒಂದೇ ಎಕ್ಸ್‌ಟೆನ್ಷನ್ ಹಾಕಿ ಹೋಗಿದ್ದರು. ಆಮೇಲೆ ಯಾರೋ ಅದಕ್ಕೇ ಶಾಮಿಯಾನದ ಎರಡು ಫೋಕಸ್ ಲೈಟು ಸಿಕ್ಕಿಸಿದ್ದರು. ಮತ್ಯಾರೋ ವಯಸ್ಸಾದವರಿಗೆ ಬಿಸಿನೀರಿಗೆಂದು ಪಕ್ಕದ ಮನೆಯ ಕೆಟಲ್ ತಂದು ಸಿಕ್ಕಿಸಿದ್ದರು. ಉಳಿದ ಉದ್ದದ ತಂತಿಯನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಕೆಳಗೆ ತುರುಕಿದ್ದರು. ಅವಳು ನಿಂತಲ್ಲೇ ಕೂಡಿದಳು. ಪೆಟ್ಟಿಗೆಗೆ ನಾಲ್ಕು ಆಂಪಿಯರ್, ಲೈಟುಗಳಿಗೆ ನಾಲ್ಕು, ಕೆಟಲಿಗೆ ಆರೂವರೆ. ಹದಿನಾಲ್ಕೂವರೆ. ಆ ತಂತಿ ಬಿಡಿಸಿ ಹಾಸಿದ್ದರೆ ಹತ್ತು ತಡೆಯಬಹುದಿತ್ತು. ಸುರುಳಿಯಲ್ಲಿ ಅದರ ಅರ್ಧವೂ ಇಲ್ಲ.

ಕೆಟಲ್ ಕಿತ್ತಳು. ಲೈಟುಗಳನ್ನು ಕಿತ್ತಳು. ಅಂಗಳ ಕತ್ತಲಾಯಿತು. ಮಂಡಿಯೂರಿ ಕೂತು ಸುರುಳಿಯನ್ನು ಎಳೆದು, ಬಿಡಿಸಿ, ಗೋಡೆಯ ಉದ್ದಕ್ಕೂ ಹಾಸಿದಳು. ತಲೆ ಎತ್ತಿದರೆ ಅಮ್ಮ ನೋಡುತ್ತಿದ್ದಳು. ಚಾಮುಂಡಮ್ಮ ನಿನ್ನೆ ಬೆಳಗಿನಿಂದ ಪೆಟ್ಟಿಗೆಯ ತಲೆಯ ಕಡೆ ಕೂತವಳು ಅಲ್ಲಾಡಿರಲಿಲ್ಲ.

"ಏನದು?"

"ಏನಿಲ್ಲಮ್ಮ. ಲೋಡ್ ಜಾಸ್ತಿಯಾಗಿತ್ತು."

ಅಮ್ಮ ಪೆಟ್ಟಿಗೆಯ ಗಾಜಿನ ಮೇಲಿನ ಹಬೆಯನ್ನು ಅಂಗೈಯಿಂದ ಒರೆಸಿದಳು. ಆಮೇಲೆ, ಯಾವುದೋ ಸಾಮಾನು ಎತ್ತಿಡಲು ಹೇಳುವ ದನಿಯಲ್ಲಿ, "ಬೆಳಗ್ಗೆ ಪ್ರಭುಸ್ವಾಮಿ ಬರ್ತಾನೆ. ಹೆಗಲು ಕೊಡಕ್ಕೆ ಬುಡಬೇಡ ಅಂತ ನಿನ್ನ ಚಿಕ್ಕಪ್ಪಂಗೆ ಹೇಳಿದ್ದೀನಿ" ಎಂದಳು.

ಚೈತನ್ಯಳಿಗೆ ಅರ್ಥವಾಗಲಿಲ್ಲ. ಪ್ರಭುಸ್ವಾಮಿ ಮೂವತ್ತು ವರ್ಷ ಅಪ್ಪನ ಜೊತೆ ವೈರಿಂಗ್ ಮಾಡಿದವನು. ಅವಳ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದವನು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ನಾಲ್ಕು ಹೆಗಲು ಎಣಿಸಿದರೆ ಮೊದಲನೆಯದೋ ಎರಡನೆಯದೋ ಅವನದೇ.

"ಯಾಕಮ್ಮ?"

"ಇನ್ನು ಅವನ ಮುಖ ನೋಡಲ್ಲ ಅಂತ ನಿಮ್ಮಪ್ಪನೇ ಅಂದಿದ್ರು. ನಿಂಗೆ ಗೊತ್ತಿಲ್ಲ, ನೀನು ಒಂಟಿಕೊಪ್ಪಲಲ್ಲಿ ಗಂಡನ ಮನೇಲಿದ್ದೆ." ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿರಂಜನ್ ಅವರ ಪೀಜೀಲಿ ಆರು ಲೈನೂ ಒಂದೇ ಪೈಪಲ್ಲಿ ತುರುಕ್ಬುಟ್ಟಿದ್ದಾನಂತೆ. ಯಾರನ್ನೂ ಕೇಳದೆ. ಮೂರನೇ ಮಹಡೀಲಿ ಸುಟ್ಟ ವಾಸನೆ ಬರ್ತದೆ ಅಂತ ಅವರು ಫೋನ್ ಮಾಡುದ್ರು. ಹಾರ್ಟು ವೀಕು, ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟ್ರು ಹೇಳಿದ್ರೂ ಇವರೇ ಹೋಗಿ ಹತ್ತು ದಿನ ಹತ್ತಿ ಇಳಿದ್ರು. ಅವನು ಮಾಡಿದ್ದನ್ನ ಬಿಚ್ಚಿ ಕಟ್ಟಕ್ಕೆ."

ಚೈತನ್ಯ ಪ್ಲಗ್ಗಿನ ಮೇಲೆ ಮತ್ತೆ ಕೈ ಇಟ್ಟಳು. ತಣ್ಣಗಾಗುತ್ತಿತ್ತು. ಕೈ ಅಲ್ಲಿಂದ ತೆಗೆಯುವುದು ಅವಳಿಗೆ ಸಾಧ್ಯವಾಗಲಿಲ್ಲ.

*

ಬೋಗಾದಿಯಲ್ಲಿ ಅಪ್ಪನನ್ನು ಕರೆಂಟ್ ಮಾದೇವಣ್ಣ ಎನ್ನುತ್ತಿದ್ದರು. ಜಮೀನೆಲ್ಲ ಬಡಾವಣೆಯಾದಾಗ ಅಣ್ಣತಮ್ಮಂದಿರು ಸೈಟು ಮಾರುವುದಕ್ಕೆ ಹೊರಟರು. ಮಹದೇವು ಮಾತ್ರ ಆ ಸೈಟುಗಳಲ್ಲಿ ಎದ್ದ ಮನೆಗಳಿಗೆ ತಂತಿ ಎಳೆಯಲು ಹೋದರು. ಐಟಿಐ ಓದಿ, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದವರು. ಕೈಗೆ ಸಿಕ್ಕ ತಂತಿ ಎಳೆದು ಹೋಗುವ ಜನರ ನಡುವೆ, ಒಂದು ತಂತಿ ಎಷ್ಟು ಕರೆಂಟು ತಡೆಯುತ್ತದೆ ಎಂದು ಮೊದಲು ಕಾಗದದ ಮೇಲೆ ಬರೆಯುತ್ತಿದ್ದವರು ಅವರೊಬ್ಬರೇ.

ಚೈತನ್ಯಳಿಗೆ ಹನ್ನೆರಡು ವರ್ಷವಾದಾಗ ಅದನ್ನು ಅವಳಿಗೂ ಕಲಿಸಿದರು. ಊಟದ ತಟ್ಟೆಗಳನ್ನು ಎತ್ತಿದ ಮೇಲೆ ಅದೇ ಚಾಪೆಯ ಮೇಲೆ ಯಾವ ತಂತಿ ಎಷ್ಟು ತಡೆಯುತ್ತದೆ ಎಂಬ ಪಟ್ಟಿ ಬಿಚ್ಚುತ್ತಿದ್ದರು.

"ನಾಲ್ಕು ಎಂಎಂ ತಾಮ್ರ. ಎಷ್ಟದೆ ನೋಡು."

"ಮೂವತ್ತೆರಡು ಆಂಪಿಯರ್."

"ಅದು ಪುಸ್ತಕದ್ದು. ಈಗ ಕಳಿ. ಮೊದಲು ಬಿಸಿಲಿಗೆ ಕಳಿ."

ಪಟ್ಟಿ ಬರೆದವರು ಮೂವತ್ತು ಡಿಗ್ರಿ ಸೆಕೆಗೆ ಬರೆದಿದ್ದಾರೆ. ಏಪ್ರಿಲಿನಲ್ಲಿ ನಮ್ಮ ಗೋಡೆ ನಲವತ್ತು ಮುಟ್ಟುತ್ತದೆ. ಮೂವತ್ತೆರಡು ಇಪ್ಪತ್ತೆಂಟಾಗುತ್ತಿತ್ತು. ಆಮೇಲೆ, "ಈಗ ಜೊತೆಗೆ ಕಳಿ" ಎನ್ನುತ್ತಿದ್ದರು. ಒಂದು ಪೈಪಿನಲ್ಲಿ ಎಷ್ಟು ಲೈನು ಹೋಗುತ್ತವೆಯೋ ಅಷ್ಟಕ್ಕೆ ತಕ್ಕಂತೆ ಕಳೆಯಬೇಕು. ಮೂರಿದ್ದರೆ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ. ಆರಿದ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

"ಒಂಟಿ ತಂತಿ ತನ್ನ ಬಿಸಿ ತಾನು ಹೊರಗೆ ಬುಡ್ತದೆ ಕಣವ್ವ. ಸುತ್ತ ಐದು ಜನ ಅಮರ್ಕೊಂಡು ನಿಂತ್ರೆ ಎಲ್ಲಿಗೆ ಬುಡ್ತದೆ ಹೇಳು?"

"ಎಂಟು ಗಂಟೆ ಬೋಗಾದಿ ಬಸ್ಸಿನ ಥರ" ಎಂದಿದ್ದಳು ಅವಳು.

ಅಪ್ಪ ನಕ್ಕಿದ್ದರು. ಮರುದಿನದಿಂದ ಕೆಲಸದವರಿಗೆಲ್ಲ ಅದನ್ನೇ ಹೇಳತೊಡಗಿದರು, ಬೋಗಾದಿ ಬಸ್ಸು ಕಣ್ರಯ್ಯ, ನಮ್ಮ ಮಗಳು ಹೇಳಿದ್ದು ಎಂದು. ಅವಳು ಫಿಸಿಕ್ಸ್ ಎಂಎಸ್‌ಸಿ ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲಂತೂ, ಯಾವ ಗಿರಾಕಿ ದಪ್ಪ ತಂತಿ ಯಾಕೆ ಎಂದು ಕೇಳಿದರೂ, "ಲೆಕ್ಕ ನನ್ನದಲ್ಲ, ಮಗಳದು. ಅವಳ ಲೆಕ್ಕ ತಪ್ಪಲ್ಲ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವಳು ಆ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡುತ್ತಿದ್ದಳು.

ಎರಡು ವರ್ಷದ ಹಿಂದೆ ಅಪ್ಪನ ಕಣ್ಣಿಗೆ ಪೊರೆ ಬಂದಾಗ ನಿರಂಜನ್ ಅವರ ಪೀಜಿಯ ಲೆಕ್ಕವನ್ನು ಪೂರ್ತಿ ಅವಳೇ ಮಾಡಿದಳು. ನಾಲ್ಕು ಮಹಡಿ, ಗೀಸರುಗಳಿಗೆ ಆರು ಲೈನು, ಒಂದೊಂದರ ಮೇಲೂ ಹದಿನೇಳೂವರೆ ಆಂಪಿಯರ್. ಎರಡು ಪೈಪು, ಒಂದೊಂದರಲ್ಲಿ ಮೂರು ಲೈನು. ಕಳೆದು ಉಳಿದದ್ದು ಹತ್ತೊಂಬತ್ತೂವರೆ. ಅಪ್ಪ ಕೇಳಿಸಿಕೊಂಡು ಸರಿ ಎಂದರು.

ಆಪರೇಷನ್ ದಿನ ಅಪ್ಪ ಒಳಗಿದ್ದಾಗ ಅವರ ಫೋನು ಅವಳ ಕೈಯಲ್ಲಿತ್ತು. ಪ್ರಭುಸ್ವಾಮಿ ಮಾಡಿದ್ದ. ಮೋಲ್ಡ್ ಹಾಕುವಾಗ ಎರಡನೆಯ ಪೈಪಿಗೆ ಸಿಮೆಂಟ್ ಇಳಿದು ಕಟ್ಟಿಕೊಂಡಿದೆ, ತಂತಿ ಎಳೆಯುವ ಸ್ಪ್ರಿಂಗ್ ಹೋಗುತ್ತಿಲ್ಲ, ಗಾರೆಯವರು ಕಾಯುತ್ತಿದ್ದಾರೆ, ಆರೂ ಲೈನನ್ನು ಒಂದರಲ್ಲೇ ಎಳೆಯಲೇ, ಅಣ್ಣನನ್ನು ಕೇಳಿ ಹೇಳಿ ಎಂದ. ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪೈಪಿನ ಅಗಲ, ಲೈನಿಗೆ ಮೂರರಂತೆ ಹದಿನೆಂಟು ತಂತಿಗಳ ದಪ್ಪ ಲೆಕ್ಕ ಹಾಕಿದಳು. ಜಾಗ ಬೇಕಾದಷ್ಟಿತ್ತು.

"ಹಿಡಿಯುತ್ತಾ ಪ್ರಭಣ್ಣ?"

"ಹಿಡೀತದೆ ಕಣವ್ವ, ಆರಾಮಾಗಿ."

"ಹಾಗಾದ್ರೆ ಎಳೀರಿ."

ಅಷ್ಟರಲ್ಲಿ ನರ್ಸು ಮಹದೇವು ಕಡೆಯವರು ಯಾರು ಎಂದು ಕರೆದಳು. ನಾಲ್ಕು ದಿನದ ಮೇಲೆ ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತಿದ್ದಾಗ ಅವಳಿಗೆ ಹೊಳೆಯಿತು. ತಂತಿ ಪೈಪಿನಲ್ಲಿ ಹಿಡಿಯುತ್ತದೆಯೇ ಎಂದು ನೋಡಿದ್ದಳು. ಬಿಸಿ ತಡೆಯುತ್ತದೆಯೇ ಎಂದು ನೋಡಿರಲಿಲ್ಲ. ಜೊತೆಗೆ ಕಳೆದಿರಲಿಲ್ಲ. ಕಳೆದರೆ ಉಳಿಯುವುದು ಹದಿನಾರು.

ಅಷ್ಟು ಹೊತ್ತಿಗೆ ಗಾರೆ ಮುಗಿದಿತ್ತು. ಅಪ್ಪನ ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಹೇಳೋಣ ಎಂದುಕೊಂಡಳು. ಕಟ್ಟು ಬಿಚ್ಚಿದರು. ಒಂದೂವರೆ ಆಂಪಿಯರಿನ ವ್ಯತ್ಯಾಸ, ಎಲ್ಲ ಗೀಸರುಗಳೂ ಒಟ್ಟಿಗೆ ಎಲ್ಲಿ ಓಡುತ್ತವೆ ಎಂದುಕೊಂಡಳು. ಆಮೇಲೆ ಬೋಗಾದಿಗೆ ಬಂದಾಗಲೆಲ್ಲ ಆ ಕಟ್ಟಡದ ಮುಂದೆ ಸ್ಕೂಟರ್ ನಿಧಾನ ಮಾಡಿ, ಆ ಪೈಪು ಹೊರಬರುವ ಮೂರನೆಯ ಮಹಡಿಯ ಕಿಟಕಿಗಳನ್ನು ನೋಡಿ, ಮುಂದೆ ಹೋಗುತ್ತಿದ್ದಳು.

*

ಬೆಳಗ್ಗೆ ಎಂಟಕ್ಕೆಲ್ಲ ಅಂಗಳ ತುಂಬಿತು. ಹುಬ್ಬಳ್ಳಿಯಿಂದ ಸೋದರತ್ತೆ ಬಂದ ಮೇಲೆ, ಹನ್ನೊಂದರ ಹೊತ್ತಿಗೆ, ಎತ್ತುವುದು ಎಂದು ಚಿಕ್ಕಪ್ಪ ಮಹೇಶ್ ಎಲ್ಲರಿಗೂ ಹೇಳುತ್ತಿದ್ದರು. ಬಂದವರು ಹಾರ ಹಾಕಿ, ಕೈಮುಗಿದು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಮೆಲ್ಲಗೆ ಮಾತಿಗಿಳಿದರು. ಯಾದವಗಿರಿಯ ಬಂಗಲೆಯೊಂದರಿಂದ ಬಂದ ಹಿರಿಯರು, ಇಪ್ಪತ್ತೈದು ವರ್ಷದ ಹಿಂದೆ ಮಹದೇವು ಹಾಕಿಕೊಟ್ಟ ವೈರಿಂಗಿನಲ್ಲಿ ಇವತ್ತಿಗೂ ಒಂದು ಫ್ಯೂಸ್ ಹೋಗಿಲ್ಲ ಎಂದರು. ಎದುರು ಮನೆಯ ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು.

"ಮದ್ವೆ ಮನೇಗೆ ಬಂದ್ರೆ ಹೆಣ್ಣು ನೋಡೋನಲ್ಲ, ಗಂಡು ನೋಡೋನಲ್ಲ. ಮೊದ್ಲು ಬೋರ್ಡ್ ಮುಟ್ಟಿ ನೋಡೋನು. ಬಿಸಿ ಇದ್ರೆ ಊಟಕ್ಕೇ ಕೂರ್ತಿರ್ಲಿಲ್ಲ."

ಕೂತವರು ನಕ್ಕರು. ಆ ನಗೆ ನಿಲ್ಲುವ ಮೊದಲೇ ಪ್ರಭುಸ್ವಾಮಿ ಗೇಟಿನಲ್ಲಿ ಕಾಣಿಸಿದ. ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್ಲು, ಕೈಯಲ್ಲಿ ಸೇವಂತಿಗೆ ಹಾರ. ಪೆಟ್ಟಿಗೆಯ ಹತ್ತಿರ ಬಂದು ಹಾರ ಇಟ್ಟು, ಗಾಜಿನ ಮೇಲೆ ಎರಡೂ ಕೈ ಊರಿ ನಿಂತ. ಯಾರೂ ಮಾತಾಡಿಸಲಿಲ್ಲ. ಅಮ್ಮ ಮುಖ ತಿರುಗಿಸಿದಳು. ಅವನು ವಾಪಸು ಹೋಗಿ ಗೇಟಿನ ಹೊರಗೆ ಚಪ್ಪಲಿಗಳ ಪಕ್ಕ ನಿಂತ.

"ಮೂವತ್ತು ವರ್ಷ ಅನ್ನ ಉಂಡ ಮನೆ" ಎಂದರು ಚಿಕ್ಕಪ್ಪ, ಅವನಿಗೂ ಕೇಳುವಷ್ಟು ಜೋರಾಗಿ. "ಉಂಡೋನೇ ಮನೆ ಯಜಮಾನನ್ನ ತಿಂದ್ಬುಟ್ಟ."

ಪ್ರಭುಸ್ವಾಮಿ ಕೇಳದವನಂತೆ ರಸ್ತೆಯ ಕಡೆ ನೋಡಿದ. ಚೈತನ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಂಟು ಹೆಜ್ಜೆ ನಡೆದು, ಇಡೀ ಅಂಗಳಕ್ಕೆ ಕೇಳುವ ಹಾಗೆ, ಎಳೆಯಲು ಹೇಳಿದ್ದು ನಾನು ಎಂದುಬಿಟ್ಟರೆ ಆಯಿತು. ಮೂರು ಪದ. ಅದಾದ ಮೇಲೆ ಅಮ್ಮ ಯಾರ ಕಡೆ ಮುಖ ತಿರುಗಿಸುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಹತ್ತು ದಿನ ಹತ್ತಿ ಇಳಿದದ್ದು ಯಾರ ಮಾತಿಗಾಗಿ ಎಂದು ಅಮ್ಮ ಉಳಿದ ಬದುಕಿನಲ್ಲಿ ಎಂದೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆಯೇ ತಟ್ಟೆಗೆ ಅನ್ನ ಬಡಿಸುತ್ತಾಳೆ.

ಹಾಗೆ ನಿಂತಿದ್ದಾಗಲೇ ನಿರಂಜನ್ ಬಂದರು. ನಲವತ್ತರ ಆಸುಪಾಸಿನ ಮನುಷ್ಯ. ಅತ್ತು ಕಣ್ಣು ಕೆಂಪಾಗಿತ್ತು. ಶುಕ್ರವಾರ ಸಂಜೆ ಅಪ್ಪನನ್ನು ಕಾರಿನಲ್ಲಿ ಮನೆಗೆ ತಂದು ಬಿಟ್ಟವರೇ ಅವರು. ಆಸ್ಪತ್ರೆಗೆ ಹೋಗೋಣ ಎಂದರೆ ಕೇಳಲಿಲ್ಲ, ಶನಿವಾರ ಬೆಳಗಿನ ಜಾವಕ್ಕೆ ಹೀಗಾಯಿತು ಎಂದು ಮತ್ತೆ ಮತ್ತೆ ಹೇಳಿದರು. ಚೈತನ್ಯ ಅವರನ್ನು ಗೇಟಿನ ಪಕ್ಕಕ್ಕೆ ಕರೆದು ಕೆಲಸ ಎಲ್ಲಿಗೆ ಬಂದಿತ್ತು ಎಂದು ಕೇಳಿದಳು. ಇಂಥ ಹೊತ್ತಿನಲ್ಲಿ ಅದನ್ನು ಕೇಳುತ್ತಾಳಲ್ಲ ಎಂದು ಅವರಿಗೆ ಆಶ್ಚರ್ಯವಾದಂತೆ ಕಂಡಿತು.

"ಹೊರಗೋಡೆಗೆ ಹೊಸ ಪೈಪ್ ಹಾಕ್ಸಿದ್ರು ಮೇಡಂ. ಒಂದು ಲೈನ್ ಅದಕ್ಕೆ ಬದಲಾಯ್ಸಿ ಆಯ್ತು. ಎರಡ್ನೇದು ಎಳೆದಾಗಿತ್ತು. ಜಾಯಿಂಟ್ ನಾನೇ ಮಾಡ್ತೀನಿ ಅಂತ ಮೇಲಕ್ಕೆ ಹೊರಟ್ರು. ಮೂರ್ನೇ ಮಹಡಿ ಮೆಟ್ಟಿಲಲ್ಲೇ ಎದೆ ಹಿಡ್ಕೊಂಡು ಕೂತ್ಬುಟ್ರು."

"ಜಾಯಿಂಟ್ ಆಗಿಲ್ವಾ?"

"ಇಲ್ಲ."

"ಗೀಸರ್?"

"ಎಲ್ಲಾ ಆನ್ ಇದಾವೆ. ಹೆಣ್ಣುಮಕ್ಕಳ ಪೀಜಿ ಮೇಡಂ, ಭಾನುವಾರ ಬೇರೆ. ತಲೆಸ್ನಾನ, ಬಟ್ಟೆ, ಎಲ್ಲಾ ಇವತ್ತೇ."

ಅಂದರೆ ಹಳೆಯ ಪೈಪಿನಲ್ಲಿ ಇನ್ನೂ ಐದು. ಇಪ್ಪತ್ತೆಂಟರಲ್ಲಿ ಹತ್ತಕ್ಕೆ ಆರು ಪಾಲು. ಹದಿನಾರು ಮುಕ್ಕಾಲು. ಬೇಕಿದ್ದದ್ದು ಹದಿನೇಳೂವರೆ. ಜೊತೆಗೆ ಎರಡು ವರ್ಷ ಪ್ರತಿ ಬೆಳಗ್ಗೆ ಕಾದು ಕಾದು ಸೊರಗಿದ ತಂತಿಯ ಹೊದಿಕೆ. ಅದಕ್ಕೆ ಯಾವ ಪಟ್ಟಿಯಲ್ಲೂ ಅಂಕಿ ಇರಲಿಲ್ಲ.

ಮೂರನೆಯ ಮಹಡಿಯ ಗೀಸರ್ ಲೈನನ್ನು ಈಗಲೇ ಆಫ್ ಮಾಡಿಸಿ ಎಂದಳು. ಅವಳ ದನಿ ಕೇಳಿ ಅವರು ಅಲ್ಲೇ ವಾರ್ಡನ್‌ಗೆ ಫೋನ್ ಮಾಡಿದರು. ಎರಡು ನಿಮಿಷದ ಮೇಲೆ, ಆಫ್ ಆಯ್ತಂತೆ ಎಂದರು. ಅವಳು ತಲೆಯಾಡಿಸಿದಳು. ಹೆಣ್ಣುಮಕ್ಕಳು ತಲೆಗೆ ಶಾಂಪೂ ಹಚ್ಚಿಕೊಂಡು ಎಷ್ಟು ಹೊತ್ತು ಕಾಯುತ್ತಾರೆ ಎಂದು ಅವಳ ತಲೆ ಆಗಲೇ ಎಣಿಸತೊಡಗಿತ್ತು. ಸ್ವಿಚ್ಚು ಕೆಳಗಿಳಿದದ್ದನ್ನು ಕಂಡರೆ ಯಾರಾದರೂ ಮೇಲಕ್ಕೆ ಎತ್ತುತ್ತಾರೆ. ಅದಕ್ಕೆ ಎಂಎಸ್‌ಸಿ ಬೇಕಿಲ್ಲ.

ಹನ್ನೊಂದೂಕಾಲಿಗೆ ಚಟ್ಟ ಸಿದ್ಧವಾಯಿತು. ತಮಟೆಯವರು ರಸ್ತೆಯಲ್ಲಿ ತಮಟೆ ಕಾಯಿಸುತ್ತಿದ್ದರು. ಸ್ನಾನ, ಹೊಸ ಪಂಚೆ, ಹಣೆಗೆ ವಿಭೂತಿ, ಬಾಯಿಗೆ ಅಕ್ಕಿಕಾಳು ಎಲ್ಲ ಮುಗಿದು ಎತ್ತುವ ಹೊತ್ತಿಗೆ ಪ್ರಭುಸ್ವಾಮಿ ಒಳಗೆ ಬಂದ. ಟವೆಲ್ಲನ್ನು ಮಡಿಸಿ ಬಲ ಹೆಗಲಿಗಿಟ್ಟು, ತಲೆಯ ಕಡೆಯ ಬಿದಿರಿಗೆ ಬಗ್ಗಿದ. ಚಿಕ್ಕಪ್ಪ ಅವನ ಎದೆಗೆ ಕೈ ಅಡ್ಡ ಇಟ್ಟರು.

"ನೀನು ಬೇಡ ಕಣೋ."

ಬಗ್ಗಿದವನು ಬಗ್ಗಿದಂತೆಯೇ ಇದ್ದ. ಆಮೇಲೆ ನೆಟ್ಟಗಾದ. ಚಿಕ್ಕಪ್ಪನನ್ನು ನೋಡಲಿಲ್ಲ. ಬಾಗಿಲಲ್ಲಿದ್ದ ಚೈತನ್ಯಳನ್ನು ನೋಡಿದ, ಒಂದು ಕ್ಷಣ, ಕೇಳುವವನಂತಲ್ಲ, ಅವಳು ಅಲ್ಲಿದ್ದಾಳೆಯೇ ಎಂದು ನೋಡುವವನಂತೆ. ಕಣ್ಣು ಕೆಳಗೆ ಹಾಕಿದ.

"ಚಿಕ್ಕಪ್ಪ" ಎಂದಳು ಅವಳು.

ಎಲ್ಲರೂ ತಿರುಗಿದರು. ಅಮ್ಮನೂ.

"ಏನವ್ವ?"

ಅವಳ ಕಣ್ಣು ಮೇಲಕ್ಕೆ ಹೋಯಿತು. "ಶಾಮಿಯಾನದ ವೈರು" ಎಂದಳು. "ಕೆಳಗೆ ಜೋತು ಬಿದ್ದಿದೆ. ಎತ್ತುವಾಗ ತಲೆಗೆ ತಾಗೀತು."

ಯಾರೋ ಕೋಲಿನಿಂದ ವೈರನ್ನು ಮೇಲೆತ್ತಿ ಹಿಡಿದರು. ಚಿಕ್ಕಪ್ಪನ ಮಗ ಲಿಖಿತ್ ತಲೆಯ ಕಡೆಗೆ ಹೆಗಲು ಕೊಟ್ಟ. ತಮಟೆ ಶುರುವಾಯಿತು. ಪುರಿ, ಹೂವು ಎರಚುತ್ತಾ ಗಂಡಸರು ಹೊರಟರು. ಹೆಂಗಸರು ರಸ್ತೆಯ ತಿರುವಿನವರೆಗೆ ಹೋಗಿ ಹಿಂತಿರುಗಿದರು. ಮೆರವಣಿಗೆಯ ಕೊನೆಯಲ್ಲಿ ಬಿಳಿ ಅಂಗಿಯೊಂದು ಕಾಣುತ್ತದೆಯೇ ಎಂದು ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕಾಣಲಿಲ್ಲ.

*

ಹೆಂಗಸರು ಮನೆ ತೊಳೆಯಲು ನೀರು ಎತ್ತತೊಡಗಿದಾಗ ಅವಳು ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು. ಸೂತಕದಲ್ಲಿ ಇನ್ನೊಬ್ಬರ ಹೊಸಲು ತುಳಿಯಬಾರದು. ಅದು ನೆನಪಾದಾಗ ಅವಳು ಆಗಲೇ ಎರಡು ಬೀದಿ ದಾಟಿ ಪೀಜಿಯ ಮೆಟ್ಟಿಲು ಹತ್ತುತ್ತಿದ್ದಳು.

ಮೂರನೆಯ ಮಹಡಿಯಲ್ಲಿ, ತಲೆಗೆ ಟವೆಲ್ ಸುತ್ತಿದ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ಗೊಣಗುತ್ತಾ ನಿಂತಿದ್ದಳು. ಬಿಸಿನೀರು ನಿಂತುಹೋಗಿತ್ತು, ನಾವೇ ಆನ್ ಮಾಡಿಕೊಂಡಿದ್ದೆವು, ಈಗ ಯಾರೋ ಅಂಕಲ್ ಬಂದು ಎಲ್ಲ ಮಹಡಿಯದೂ ಆಫ್ ಮಾಡಿಬಿಟ್ಟರು ಎಂದಳು. ಚೈತನ್ಯ ಗೋಡೆಯಿಂದ ಹೊರಗೆ ಇಣುಕಿದ್ದ ಪೈಪಿನ ತುದಿ ಮುಟ್ಟಿದಳು. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ ಇನ್ನೂ ಇತ್ತು.

ಪ್ರಭುಸ್ವಾಮಿ ತಾರಸಿಯ ಬಾಗಿಲ ಪಕ್ಕ, ಸ್ಟೂಲಿನ ಮೇಲಿದ್ದ. ಬಿಳಿ ಅಂಗಿಯ ತೋಳು ಮಡಿಸಿದ್ದ. ಅವಳನ್ನು ಕಂಡು ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಟಾರ್ಚ್ ಹಾಕಿ ಅವ್ವ. ಕಾಣಾಕಿಲ್ಲ."

ಅವಳು ಮೊಬೈಲಿನ ಬೆಳಕು ಹಿಡಿದಳು. ಅವನು ಡಬ್ಬದ ಮುಚ್ಚಳ ತೆಗೆದು ಹಳೆಯ ತಂತಿಯ ತುದಿಯನ್ನು ಬಾಗಿಸಿದ. ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಸಿದ ಕಡೆ ಒಣಗಿದ ಚಕ್ಕೆಯಂತೆ ಸಿಡಿದು ಕೆಳಗೆ ಬಿತ್ತು. ಒಳಗಿನ ತಾಮ್ರ ಕಾಣಿಸಿತು. ಇಬ್ಬರೂ ಅದನ್ನು ನೋಡಿದರು.

ಕೆಳಗೆ ದೂರದಲ್ಲಿ ತಮಟೆ ಕೇಳುತ್ತಿತ್ತು. ಅವ‌ನು ಹಳೆಯದನ್ನು ಬಿಚ್ಚಿ, ಹೊಸ ತಂತಿಯ ತುದಿ ಸುಲಿದು, ಜೋಡಿಸತೊಡಗಿದ. ಸ್ಕ್ರೂ ಅರ್ಧ ಬಿಗಿದಿದ್ದಾಗ ತಮಟೆ ನಿಂತಿತು. ಅವನ ಕೈಯೂ ನಿಂತಿತು. ಸ್ಮಶಾನದಲ್ಲಿ ಈಗ ಇಳಿಸುತ್ತಿದ್ದರು. ಅವನು ಕಣ್ಣು ಮುಚ್ಚಿ, ಸ್ಕ್ರೂಡ್ರೈವರನ್ನು ಹಿಡಿದಂತೆಯೇ ಅಷ್ಟು ಹೊತ್ತು ನಿಂತು, ಆಮೇಲೆ ಉಳಿದರ್ಧ ಬಿಗಿದು ಕಪ್ಪು ಟೇಪು ಸುತ್ತಿದ.

"ಪ್ರಭಣ್ಣ. ಅಪ್ಪ ಕೇಳಲಿಲ್ವಾ? ಯಾರು ಹೇಳಿದ್ದು ಅಂತ?"

"ಕೇಳುದ್ರು. ಫೋನ್ ಮಾಡಿದ್ಯಾ ಅಂದ್ರು. ಮಾಡ್ಲಿಲ್ಲ ಅಂದೆ."

"ನಂಬಿದ್ರಾ?"

ಅವನು ಮುಚ್ಚಳ ಹುಡುಕುವವನಂತೆ ಬಗ್ಗಿದ. "ಅದೇ ಗೊತ್ತಿಲ್ಲ ಕಣವ್ವ. ಆಮ್ಯಾಕೆ ನನ್ನ ಜೊತೆ ಮಾತಾಡ್ಲಿಲ್ಲ."

"ಯಾಕೆ ಹಾಗಂದ್ರಿ?"

"ಮಗಳ ಲೆಕ್ಕ ತಪ್ಪಲ್ಲ ಅಂತ ಇಡೀ ಬೋಗಾದಿಗೆ ಹೇಳ್ಕೊಂಡು ತಿರುಗ್ತಿದ್ದ ಮನುಷ್ಯ. ನಾನೇನು, ಬೈಸ್ಕೊಂಡು ಅಭ್ಯಾಸ. ತಿಂಗಳೊಪ್ಪತ್ತು ಬೈತಾರೆ, ಸರೋಯ್ತಾರೆ ಅನ್ಕೊಂಡೆ." ಅವನು ಮುಚ್ಚಳ ಹಾಕಿದ. "ತಿಂಗಳೊಪ್ಪತ್ತೂ ಇರಲಿಲ್ಲ ಅಷ್ಟೆ."

ಅವಳು ಬೆಳಕು ಆರಿಸಿದಳು. ಇವತ್ತೇ ಅಮ್ಮನಿಗೆ ಹೇಳುತ್ತೇನೆ ಎಂದಳು. ಎಲ್ಲರ ಎದುರಿಗೆ ಹೇಳುತ್ತೇನೆ ಎಂದಳು. ಪ್ರಭುಸ್ವಾಮಿ ಸ್ಟೂಲಿನಿಂದ ಇಳಿದು, ಅದನ್ನು ಗೋಡೆಗೆ ಒರಗಿಸಿಟ್ಟ.

"ಹೆಗಲು ಕೊಡೋದು ಮುಗೀತಲ್ಲವ್ವ" ಎಂದ. "ಇನ್ನು ಹೇಳುದ್ರೆ ನಂಗೇನು ಬಂತು? ಅಕ್ಕಂಗೆ ಗಂಡನೂ ಹೋದ, ಮಗಳೂ ಹೋದಂಗಾಯ್ತದೆ."

ಸಿಟ್ಟಿನಿಂದ ಹೇಳಿದನೋ ದಯೆಯಿಂದ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಅವನ ಮುಖ ನೋಡಲು ಧೈರ್ಯವೂ ಬರಲಿಲ್ಲ.

ಹಳೆಯದರಲ್ಲಿ ಇನ್ನು ನಾಲ್ಕು ಉಳಿದವು, ಆನ್ ಮಾಡಲೇ ಎಂದು ಅವನು ಕೇಳಿದ. ಅವಳು ಲೆಕ್ಕ ಹಾಕಿದಳು. ಹದಿನೆಂಟು ಬರುತ್ತಿತ್ತು, ಪಟ್ಟಿಯ ಪ್ರಕಾರ ತಡೆಯಬೇಕು. ಕೆಳಗೆ ಬಿದ್ದಿದ್ದ ಕಂದು ಚಕ್ಕೆಯನ್ನು ನೋಡಿದಳು.

"ಬೇಡ. ಲೆಕ್ಕಕ್ಕೆ ತಡೀತದೆ, ಆ ತಂತಿ ತಡೆಯಲ್ಲ. ಹೊಸದೆರಡು ಬಿಟ್ಟು ಎಲ್ಲಾ ಆಫ್ ಇರಲಿ. ಪೂರ್ತಿ ಬದಲಾಯಿಸೋವರೆಗೂ."

ಅವನು ಬೋರ್ಡಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಟ್ಟುಕೊಂಡ. ಯಾರೂ ಮುಟ್ಟದ ಹಾಗೆ ವಾರ್ಡನ್‌ಗೂ ಹೇಳಿದ. ಅವಳು ಮೊದಲು ಇಳಿದಳು. ಅವನು ಆಮೇಲೆ ಬರುತ್ತೇನೆ ಎಂದ.

*

ಅವಳು ಹಿತ್ತಿಲಿನಿಂದ ಒಳಗೆ ಬಂದಾಗ ಅಮ್ಮ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ತಲೆ ಸುತ್ತಿದ ಹಾಗಾಯಿತು, ಹಿತ್ತಿಲಲ್ಲಿ ಕೂತಿದ್ದೆ ಎಂದಳು ಚೈತನ್ಯ. ಅಮ್ಮ ಅವಳ ಹಣೆ ಮುಟ್ಟಿ ನೋಡಿ, ಎರಡು ದಿನದಿಂದ ಏನೂ ತಿಂದಿಲ್ಲವಲ್ಲ ನೀನು ಎಂದಳು. ಆ ಕೈ ತಣ್ಣಗಿತ್ತು.

ಒಂದೂವರೆಗೆ ಗಂಡಸರು ಹಿಂತಿರುಗಿದರು. ಗೇಟಿನ ಹತ್ತಿರ ಹಿತ್ತಾಳೆ ಕೊಳಗದಲ್ಲಿ ನೀರು, ಅದರಲ್ಲಿ ಬೇವಿನ ಎಲೆ. ಮನೆಯ ಮಗಳು ನೀರು ಹಾಕಬೇಕು ಎಂದರು. ಅವಳು ಚೊಂಬು ಹಿಡಿದು ನಿಂತಳು. ಚಿಕ್ಕಪ್ಪ ಕೈಕಾಲು ತೊಳೆದು ಒಳಗೆ ಹೋದರು. ಲಿಖಿತ್, ನಿರಂಜನ್, ನೆರೆಯವರು ಒಬ್ಬೊಬ್ಬರಾಗಿ ಬಂದರು. ಕೆಮ್ಮಣ್ಣು ಕರಗಿ ಚರಂಡಿಯತ್ತ ಹರಿಯಿತು.

ಕೊನೆಗೆ ಪ್ರಭುಸ್ವಾಮಿ ಬಂದ, ಎದುರಿನ ದಿಕ್ಕಿನಿಂದ. ಒಳಗೆ ಕೂತಿದ್ದ ಚಿಕ್ಕಪ್ಪ ಅದನ್ನು ಕಂಡರು.

"ಮಣ್ಣು ಹಾಕಕ್ಕೂ ಬರಲಿಲ್ವಲ್ಲೋ. ಎಲ್ಲಿ ಹಾಳಾಗೋಗಿದ್ದೆ?"

ಪ್ರಭುಸ್ವಾಮಿ ಚಪ್ಪಲಿ ಕಳಚಿ ಕೊಳಗದ ಮುಂದೆ ನಿಂತ. ಅಂಗಳದಲ್ಲಿದ್ದವರೆಲ್ಲ ನೋಡುತ್ತಿದ್ದರು. ಅಮ್ಮ ಹೊಸಲಿನ ಒಳಗೆ ನಿಂತು, ಅವನನ್ನಲ್ಲ, ಮಗಳನ್ನು ನೋಡುತ್ತಿದ್ದಳು. ಇವನಿಗೂ ನೀರು ಹಾಕುತ್ತಾಳೆಯೇ ಎಂದು. ಯಾರಿಗೂ ಹೇಳುವುದಿಲ್ಲ ಎಂದು ಚೈತನ್ಯ ತೀರ್ಮಾನಿಸಿದ್ದು ಆಗ. ಇವತ್ತಲ್ಲ, ಇನ್ನೆಂದೂ ಅಲ್ಲ.

ಅವಳು ಚೊಂಬು ಮುಳುಗಿಸಿ ಎತ್ತಿದಳು. ಅವನು ಎರಡೂ ಕೈ ಮುಂದಕ್ಕೆ ಚಾಚಿದ. ಎಲ್ಲರ ಕೈಯಲ್ಲೂ ಕೆಮ್ಮಣ್ಣಿತ್ತು. ಇವನ ಬೆರಳುಗಳಿಗೆ ಮಾತ್ರ ಇನ್ಸುಲೇಷನ್ ಟೇಪಿನ ಕಪ್ಪು ಅಂಟು ಹತ್ತಿತ್ತು. ಅವಳು ಎದುರಿಗೆ ಸರಿದು, ಮನೆಯ ಕಡೆಗೆ ಬೆನ್ನು ಮಾಡಿ, ಆ ಕೈಗಳಿಗೆ ಮರೆಯಾಗಿ ನಿಂತು ನೀರು ಹಾಕಿದಳು. ಅವನು ಉಜ್ಜಿದ. ಕಪ್ಪು ಹೋಗಲಿಲ್ಲ. ಇನ್ನೊಂದು ಚೊಂಬು ಹಾಕಿದಳು. ಅವನು ಬೆರಳ ಸಂದಿಗಳನ್ನು ಉಗುರಿನಿಂದ ಕೆರೆದ. ಅವಳು ಮತ್ತೆ ಬಗ್ಗಿ ತುಂಬಿಕೊಂಡಳು, ಕೊಳಗದ ತಳ ಚೊಂಬಿಗೆ ತಾಗಿ ಸದ್ದಾಗುವವರೆಗೆ.